ಮಾತಿಗೂ ಒಂದು ಕಾವಲು

ಬೆಂಗಳೂರಿನಿಂದ ಹಿರಿಯೂರಿನ ಮೇಲೆ ಹಾಯ್ದು ಬಳ್ಳಾರಿಯ ಕಡೆಗೆ ಹೋಗುವವರಿಗೆ ದಾರಿಯ ನಡುವೆ ಸಿಕ್ಕುವ ಊರು ಚಳ್ಳಕೆರೆ. ಮಳೆ ಕಡಿಮೆ, ಬಿಸಿಲು ಧಾರಾಳ. ಸುತ್ತಲಿನ ಹೊಲಗಳಲ್ಲಿ ಶೇಂಗಾ. ಊರೊಳಗೆ ಎಣ್ಣೆಯ ಗಿರಣಿಗಳು. ಊರಿಗೆ ಹೆಸರು ಬಂದದ್ದು ಈ ಗಿರಣಿಗಳಿಂದಲೇ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ದನಕರುಗಳಿಗೆ ಒಳ್ಳೆಯ ಆಹಾರ. ಅಂಗಡಿಗಳಲ್ಲಿ ಹಿಂಡಿಯ ಮಗ್ಗುಲಿಗೇ ಬೂಸಾ ತುಂಬಿದ ಚೀಲಗಳು ಒರಗಿರುತ್ತವೆ. ಮನೆಯಲ್ಲಿ ಒಂದು ಕರೆಯುವ ಹಸುವನ್ನು ಕಟ್ಟಿಕೊಂಡಿರುವ ಗೃಹಿಣಿಯನ್ನು ಕೇಳಿದರೆ, ಬೂಸಾದ ಬೆಲೆ ಎಷ್ಟು ಏರಿತು, ಅದನ್ನು ತಿಂದ ಹಸು ಎಷ್ಟು ಹಾಲು ಹೆಚ್ಚಿಗೆ ಕೊಟ್ಟಿತು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿಯಾಳು. ಆಕೆಗೆ ಬೂಸಾ ಬೈಗುಳವಲ್ಲ. ಕಾಸು ಕೊಟ್ಟು ತರುವ ಸಾಮಾನು.

ಇಂಥ ನಿರಪಾಯವಾದ ಮಾತೊಂದು ಒಮ್ಮೆ ಕನ್ನಡನಾಡಿನ ಮಂತ್ರಿಯೊಬ್ಬರ ಪದವಿಯನ್ನೇ ನುಂಗಿತು ಎಂದರೆ ಇಂದಿನ ಮಕ್ಕಳು ನಂಬಲಾರರು.

ಈ ಸೀಮೆಯಲ್ಲಿ ದಿನವೂ ಕಿವಿಗೆ ಬೀಳುವ ಇನ್ನೊಂದು ಮಾತು ‘ಕಾವಲು’. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳನ್ನು ಜನ ಕಾವಲು ಎಂದೇ ಕರೆಯುತ್ತಾರೆ. 2010ರ ಸುಮಾರಿಗೆ ಚಳ್ಳಕೆರೆಯ ಕಾವಲುಗಳ ಸಾವಿರಾರು ಎಕರೆ ನೆಲ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕುರಿ ಮೇಯಿಸುತ್ತಿದ್ದವರು ಗೋಡೆ ಎದ್ದದ್ದನ್ನು ಕಂಡು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. 2017ರ ಮೇ 28ರಂದು ಅಲ್ಲಿ ಚಾಲಕನಿಲ್ಲದ ವಿಮಾನಗಳನ್ನು ಪರೀಕ್ಷಿಸುವ ಕೇಂದ್ರದ ಉದ್ಘಾಟನೆಯೂ ಆಯಿತು. ದನ ಮೇಯುತ್ತಿದ್ದ ಕಾವಲಿನ ಮೇಲೆ ಈಗ ಮುಗಿಲಿನಿಂದ ನೆಲವನ್ನು ದಿಟ್ಟಿಸುವ ಯಂತ್ರದ ಕಣ್ಣು ಹಾರಾಡುತ್ತದೆ.

ಒಂದೇ ಪದಕ್ಕೆ ಎರಡರ್ಥ: ಮೇಯುವ ಕಾವಲು, ಕಾಯುವ ಕಾವಲು. ನೆಲಕ್ಕೆ ಹಾಕುವ ಕಾವಲು ಕಣ್ಣಿಗೆ ಕಾಣುತ್ತದೆ. ಆದರೆ ಮಾತಿಗೂ ಒಂದು ಕಾವಲುಂಟು. ಅದು ಕಣ್ಣಿಗೆ ಕಾಣುವುದಿಲ್ಲ. ಕೆಳಗಿನಿಂದ ಎದ್ದು ಬಂದವನೊಬ್ಬ ದಿಟ್ಟವಾಗಿ ನುಡಿದಾಗ ಅವನ ಬಾಯಿಯ ಮೇಲೆ ಸರ್ಕಾರ, ಸಮಾಜ, ಪತ್ರಿಕೆಗಳು ಕೂಡಿ ಕೂರಿಸುವ ಕಾವಲು ಅದು. ಈ ಲೇಖನ ಅದರ ಕಥೆ.

ಒಂದು ಮಾತು, ಒಂದು ರಾಜೀನಾಮೆ

1972ರಲ್ಲಿ ಶ್ರೀ ದೇವರಾಜ ಅರಸರು ಮುಖ್ಯಮಂತ್ರಿಗಳಾದಾಗ ಅವರ ಸಂಪುಟದಲ್ಲಿದ್ದವರು ಶ್ರೀ ಬಿ. ಬಸವಲಿಂಗಪ್ಪನವರು. ವೃತ್ತಿಯಿಂದ ವಕೀಲರು, ಹುಟ್ಟಿನಿಂದ ದಲಿತರು, ವಿಚಾರದಲ್ಲಿ ಡಾ. ಅಂಬೇಡ್ಕರರ ಅನುಯಾಯಿಗಳು. ಮನುಷ್ಯನು ಮನುಷ್ಯನ ಮಲವನ್ನು ತಲೆಯ ಮೇಲೆ ಹೊರುವ ಹೇಯ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಲ್ಲಿಸಲು ಹೊರಟ ಮಂತ್ರಿ ಅವರು. ಇಡೀ ದೇಶಕ್ಕೆ ಅಂಥದೊಂದು ಕಾನೂನು ಬಂದದ್ದು 1993ರಲ್ಲಿ ಎಂಬುದನ್ನು ನೆನೆದರೆ ಅವರು ಎಷ್ಟು ಮುಂದೆ ನಡೆದಿದ್ದರೆಂಬುದು ತಿಳಿದೀತು. ಮಾತು ಮಾತ್ರ ಬಲು ಖಾರ. ನಯಗಾರಿಕೆ ಅವರಿಗೆ ಒಗ್ಗಿದ ವಿದ್ಯೆಯಲ್ಲ.

1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಅವರು ದಲಿತ ಹುಡುಗರ ವಿದ್ಯಾಭ್ಯಾಸದ ವಿಷಯ ಮಾತನಾಡಿದರು. ಮುಂದೆ ಬರಬೇಕಾದರೆ ಇಂಗ್ಲಿಷ್ ಕಲಿಯಿರಿ ಎಂಬುದು ಅವರ ಬುದ್ಧಿವಾದ. ಆ ಮಾತಿನ ಓಟದಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದುಬಿಟ್ಟರು.

ಮರುದಿನದಿಂದ ಆ ಒಂದು ಪದವೇ ಮೆರೆಯಿತು. ಅದರ ಹಿಂದಿನ ವಾಕ್ಯ, ಮುಂದಿನ ವಾಕ್ಯ, ಎದುರಿಗೆ ಕುಳಿತಿದ್ದ ಬಡ ವಿದ್ಯಾರ್ಥಿಗಳು, ಎಲ್ಲವೂ ಮರೆಯಾದವು. ಮೈಸೂರು, ಬೆಂಗಳೂರುಗಳಲ್ಲಿ ಮೆರವಣಿಗೆಗಳು ಹೊರಟವು. ದಲಿತ ವಿದ್ಯಾರ್ಥಿಗಳ ಮೇಲೆ, ಅವರ ವಿದ್ಯಾರ್ಥಿನಿಲಯಗಳ ಮೇಲೆ ಕೈ ಎತ್ತಿದವರೂ ಇದ್ದರು. ಸಭೆಯಲ್ಲಿ ನುಡಿದವರು ಒಬ್ಬರು. ಏಟು ತಿಂದವರು ಇನ್ನು ಯಾರೋ ಹುಡುಗರು. ಕೊನೆಗೆ ಬಸವಲಿಂಗಪ್ಪನವರು ಮಂತ್ರಿಪದವಿಗೆ ರಾಜೀನಾಮೆ ಕೊಡಬೇಕಾಯಿತು.

ಬಸವಲಿಂಗಪ್ಪನವರ ಮಾತು ಸರಿಯೆಂದು ನಾನಿಲ್ಲಿ ವಾದಿಸಹೊರಟಿಲ್ಲ. ಪಂಪನಿಂದ ಹಿಡಿದು ವಚನಕಾರರವರೆಗೆ, ದಾಸರಿಂದ ಹಿಡಿದು ನಮ್ಮ ಕಾಲದವರವರೆಗೆ ಇರುವ ಸಂಪತ್ತನ್ನು ಒಂದು ಪದದಲ್ಲಿ ತೂಗಲಾಗದು. ಆದರೆ ಸಾಹಿತ್ಯದಲ್ಲಿ ಜೊಳ್ಳುಂಟು, ಕಾಳುಂಟು ಎಂದು ವಿಮರ್ಶಕರು ದಿನವೂ ಹೇಳುತ್ತಾರೆ. ಯಾರೂ ಅವರ ಮನೆಯ ಮುಂದೆ ಮೆರವಣಿಗೆ ಒಯ್ಯುವುದಿಲ್ಲ. ಮಹಾಕವಿ ಕುವೆಂಪು ಅವರೇ ಬಸವಲಿಂಗಪ್ಪನವರ ಮಾತನ್ನು ಸಮರ್ಥಿಸಿ ನಿಂತರು. ಅವರನ್ನು ಯಾರೂ ನಾಡದ್ರೋಹಿ ಎನ್ನಲಿಲ್ಲ. ಅಂದ ಮೇಲೆ ಸಿಟ್ಟು ಬಂದದ್ದು ಮಾತಿನ ಮೇಲೋ, ಆಡಿದವರ ಮೇಲೋ? ಓದುಗರೇ ಯೋಚಿಸಬೇಕು.

ಸಮುದ್ರದಾಚೆಯ ಕನ್ನಡಿ

ಇದು ನಮ್ಮ ನಾಡಿನದೊಂದೇ ಕಥೆಯಲ್ಲ. ಬೂಸಾ ಪ್ರಕರಣಕ್ಕೆ ಒಂದು ವರ್ಷ ಮುಂಚೆ, 1972ರಲ್ಲಿ, ಮುಂಬಯಿಯ ದಲಿತ ಲೇಖಕ ತರುಣರು ಒಂದು ಸಂಘ ಕಟ್ಟಿ ಅದಕ್ಕೆ ‘ದಲಿತ ಪ್ಯಾಂಥರ್ಸ್’ ಎಂದು ಹೆಸರಿಟ್ಟರು. ಆ ಹೆಸರು ಬಂದದ್ದು ಅಮೆರಿಕದಿಂದ. ಅಲ್ಲಿನ ಕಪ್ಪು ಜನರು 1966ರಲ್ಲಿ ಕಟ್ಟಿದ್ದ ‘ಬ್ಲ್ಯಾಕ್ ಪ್ಯಾಂಥರ್ಸ್’ ಪಕ್ಷದಿಂದ. ಎರಡು ದೇಶಗಳ ತುಳಿತಕ್ಕೊಳಗಾದವರು ಪರಸ್ಪರರ ಮುಖದಲ್ಲಿ ತಮ್ಮ ಮುಖವನ್ನು ಗುರುತಿಸಿಕೊಂಡಿದ್ದರು. ಆದಕಾರಣ ಅಮೆರಿಕದ ಕಥೆಯನ್ನು ನಾವೂ ತುಸು ತಿಳಿಯುವುದು ಒಳಿತು.

ಜಾರ್ಜಿಯಾ ರಾಜ್ಯದ ಶಾಸನಸಭೆಗೆ 1965ರಲ್ಲಿ ಚುನಾಯಿತನಾದ ಕಪ್ಪು ತರುಣ ಜೂಲಿಯನ್ ಬಾಂಡ್. ವಿಯೆಟ್ನಾಂ ಯುದ್ಧವನ್ನು ಖಂಡಿಸಿದ ಹೇಳಿಕೆಯೊಂದನ್ನು ಆತ ಅನುಮೋದಿಸಿದ್ದನು. 1966ರ ಜನವರಿ 10ರಂದು ಪ್ರಮಾಣವಚನಕ್ಕೆಂದು ಬಂದಾಗ ಸಭೆ 184 ಮತಗಳಿಗೆ 12ರಂತೆ ಅವನಿಗೆ ಆಸನವನ್ನೇ ನಿರಾಕರಿಸಿತು. ಮತ ಕೊಟ್ಟು ಕಳುಹಿಸಿದ ಜನ ಹೊರಗೇ ಉಳಿದಂತಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಶಾಸಕನಿಗೂ ಮಾತಿನ ಸ್ವಾತಂತ್ರ್ಯ ಉಂಟೆಂದು ಏಕಮತದಿಂದ ತೀರ್ಪಿತ್ತು ಅವನನ್ನು ಒಳಗೆ ಕೂರಿಸಿತು.

ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಪ್ರತಿನಿಧಿ ಆಡಮ್ ಕ್ಲೇಟನ್ ಪೊವೆಲ್ ಇನ್ನೊಬ್ಬರು. ಸರ್ಕಾರದ ಹಣವನ್ನು ಸ್ವಂತಕ್ಕೆ ಬಳಸಿದ ಆಪಾದನೆ ಅವರ ಮೇಲಿತ್ತು; ಅದು ಬರಿಯ ಕಟ್ಟುಕಥೆಯೂ ಆಗಿರಲಿಲ್ಲ. ಆದರೆ ಅಂಥ ಆಪಾದನೆ ಹೊತ್ತ ಬೇರೆ ಸದಸ್ಯರಿಗೆ ಬಾರದ ಶಿಕ್ಷೆ ತನಗೇಕೆ ಎಂಬುದು ಅವರ ಪ್ರಶ್ನೆ. 1967ರ ಮಾರ್ಚಿಯಲ್ಲಿ ಪ್ರತಿನಿಧಿ ಸಭೆ ಅವರನ್ನು ಒಳಗೆ ಬಿಡಲಿಲ್ಲ. ಹಾರ್ಲೆಮಿನ ಜನ ಮತ್ತೆ ಅವರನ್ನೇ ಗೆಲ್ಲಿಸಿದರು. 1969ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿರಾಕರಣೆ ಸಂವಿಧಾನಕ್ಕೆ ವಿರುದ್ಧವೆಂದಿತು.

ಚುನಾವಣೆಗೆ ನಿಲ್ಲದ ಮಾರ್ಟಿನ್ ಲೂಥರ್ ಕಿಂಗರ ಪಾಡು ಇನ್ನೂ ಕಷ್ಟ. 1963ರ ಕೊನೆಯಿಂದ ಅಲ್ಲಿನ ಕೇಂದ್ರ ಗುಪ್ತಚಾರ ಸಂಸ್ಥೆ ಎಫ್.ಬಿ.ಐ. ಅವರ ದೂರವಾಣಿಗೆ ಕಿವಿಗೊಟ್ಟು ಕುಳಿತಿತು. ಇಳಿದುಕೊಂಡ ಹೋಟೆಲು ಕೋಣೆಗಳಲ್ಲಿ ಧ್ವನಿಗ್ರಾಹಕಗಳನ್ನು ಅಡಗಿಸಿಟ್ಟಿತು. 1964ರ ನವೆಂಬರಿನಲ್ಲಿ, ಅವರು ನೊಬೆಲ್ ಶಾಂತಿ ಪಾರಿತೋಷಿಕ ಪಡೆಯಲು ಹೊರಡುವ ಮುನ್ನ, ಹೆಸರಿಲ್ಲದ ಪತ್ರವೊಂದನ್ನು ಕಳುಹಿಸಿ ಆತ್ಮಹತ್ಯೆಯತ್ತ ನೂಕಲು ಯತ್ನಿಸಿತು. ಅವರ ಖಾಸಗಿ ಬದುಕಿನ ಗುಟ್ಟುಗಳೆಂದು ಹೇಳಿ ಪತ್ರಕರ್ತರ ಮುಂದೆ ಸರಕು ಹರಡಿತು. ಪತ್ರಕರ್ತರು ಅದನ್ನು ಅಚ್ಚು ಹಾಕಲಿಲ್ಲ. ಆದರೆ ಸರ್ಕಾರದ ಪೊಲೀಸರೇ ಇಂಥ ಸರಕನ್ನು ಮಾರುತ್ತ ತಿರುಗುತ್ತಿದ್ದಾರೆ ಎಂಬ ದೊಡ್ಡ ಸುದ್ದಿಯನ್ನೂ ಅಚ್ಚು ಹಾಕಲಿಲ್ಲ!

ಇದೆಲ್ಲ ಹೊರಬಿದ್ದದ್ದು ಹೇಗೆ? 1971ರ ಮಾರ್ಚ್ 8ರ ರಾತ್ರಿ ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಸಣ್ಣ ಊರಿನ ಎಫ್.ಬಿ.ಐ. ಕಚೇರಿಗೆ ಕೆಲವು ಸಾಮಾನ್ಯ ನಾಗರಿಕರು ಕನ್ನ ಹಾಕಿ ಕಡತಗಳನ್ನು ಹೊತ್ತೊಯ್ದು ಪತ್ರಿಕೆಗಳಿಗೆ ಕಳುಹಿಸಿದರು. 1975–76ರಲ್ಲಿ ಸೆನೆಟ್ಟಿನ ವಿಚಾರಣಾ ಸಮಿತಿ ಉಳಿದುದನ್ನೂ ಬಯಲಿಗೆಳೆಯಿತು.

ಗುಪ್ತ ವರದಿಯಲ್ಲಿ ಉಳಿದ ಚರಿತ್ರೆ

ನಮ್ಮ ದೇಶದಲ್ಲಿಯೂ ಇಂಥ ಕಿವಿಗಳಿಗೆ ಬರವಿರಲಿಲ್ಲ. ಡಾ. ಅಂಬೇಡ್ಕರರ ಚಳವಳಿಯ ಬಗೆಗೆ ಮಹಾರಾಷ್ಟ್ರ ಸರ್ಕಾರ 1982ರಲ್ಲಿ ಒಂದು ದಾಖಲೆಗಳ ಸಂಪುಟವನ್ನು ಪ್ರಕಟಿಸಿತು. ಅದನ್ನು ತಿರುವಿದರೆ ಅಲ್ಲಲ್ಲಿ ಬರುವುದು ಬ್ರಿಟಿಷರ ಕಾಲದ ಮುಂಬಯಿ ಪೊಲೀಸರ ಗುಪ್ತ ಟಿಪ್ಪಣಿಗಳ ಸಂಗ್ರಹ. ಯಾವ ಊರಿನಲ್ಲಿ ಯಾವ ದಿನ ಸಭೆ ನಡೆಯಿತು, ಯಾರು ಮಾತನಾಡಿದರು, ಏನೆಂದರು ಎಂಬುದನ್ನು ಪೊಲೀಸರು ಬರೆದಿಟ್ಟಿದ್ದರು. ಆಗ ಬೆಳಗಾವಿ, ಧಾರವಾಡಗಳೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1925ರಲ್ಲಿ ನಿಪ್ಪಾಣಿಯ ಸಮ್ಮೇಳನದಲ್ಲಿ ಅಂಬೇಡ್ಕರರು ಮಾತನಾಡಿದ್ದರು.

ವಿಧಿಯ ವಿನೋದ ನೋಡಿ. ಅದಕ್ಕೆ ಐದು ವರ್ಷ ಮುಂಚೆ, 1920ರಲ್ಲಿ, ಅಂಬೇಡ್ಕರರು ‘ಮೂಕನಾಯಕ’ ಪತ್ರಿಕೆಯನ್ನು ಆರಂಭಿಸಿದಾಗ, ಅದರ ಜಾಹೀರಾತನ್ನು ಹಣ ಕೊಟ್ಟರೂ ಪುಣೆಯ ‘ಕೇಸರಿ’ ಪತ್ರಿಕೆ ಅಚ್ಚು ಮಾಡಲು ಒಪ್ಪಿರಲಿಲ್ಲ. ಪತ್ರಿಕೆ ಬರೆಯಲೊಲ್ಲದ್ದನ್ನು ಪೊಲೀಸರು ಬರೆದಿಟ್ಟರು. ದಮನಕ್ಕೆಂದು ಬರೆದದ್ದು ಚರಿತ್ರೆಗೆ ಆಧಾರವಾಯಿತು.

ನಮ್ಮ ಹಳೆಯ ಮೈಸೂರು ಸಂಸ್ಥಾನ ಪ್ರಗತಿಶೀಲವೆಂದು ಹೆಸರಾದದ್ದು. ಚಳ್ಳಕೆರೆ, ಮೊಳಕಾಲ್ಮೂರುಗಳು ಅದರ ಉತ್ತರದ ಅಂಚಿನ ತಾಲ್ಲೂಕುಗಳು. ಆ ಸಂಸ್ಥಾನವೂ 1908ರಲ್ಲಿ ವೃತ್ತಪತ್ರಿಕೆಗಳ ಶಾಸನವನ್ನು ತಂದು, ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ಹೊರಡಿಸಕೂಡದೆಂದಿತು. ತಾತಯ್ಯನವರೆಂದು ಜನ ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಆ ಶಾಸನಕ್ಕೆ ತಲೆಬಾಗುವ ಬದಲು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹವಾಯಿತು. ಅದರಲ್ಲಿ ಮುಂದಾಳಾಗಿ ಸೆರೆಮನೆಗೆ ಹೋದ ಎಸ್. ನಿಜಲಿಂಗಪ್ಪನವರ ವಕೀಲಿ ಸನ್ನದನ್ನು ಕಿತ್ತುಕೊಳ್ಳಲಾಯಿತು. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನಕ್ಕೆ ಸೇರಿದ, ನಮ್ಮೆಲ್ಲರ ಮೆಚ್ಚಿನ ಕಾದಂಬರಿಕಾರ ತ. ರಾ. ಸುಬ್ಬರಾಯರು 1942ರ ಚಳವಳಿಯಲ್ಲಿ ಸೆರೆವಾಸ ಕಂಡವರು.

ಹಾಗಾದರೆ ದಿಟ್ಟವಾಗಿ ನುಡಿದವರೆಲ್ಲರೂ ಪಾಡುಪಟ್ಟವರೇ ತಾನೆ, ದಲಿತ ನಾಯಕನ ವಿಷಯದಲ್ಲಿ ವಿಶೇಷವೇನು, ಎಂದು ಕೇಳಬಹುದು. ವಿಶೇಷ ಇಷ್ಟೇ. ನಿಜಲಿಂಗಪ್ಪನವರ ಸನ್ನದು ಹೋದಾಗ ಊರ ಜನರ ಕಣ್ಣಿನಲ್ಲಿ ಅವರ ಗೌರವ ಹೆಚ್ಚಿತು. ಮುಂದೆ ಅವರು ಮುಖ್ಯಮಂತ್ರಿಗಳಾದರು, ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು. ಅವರ ಸೆರೆವಾಸ ಅವರ ಕಿರೀಟದ ಗರಿಯಾಯಿತು. ಅವರನ್ನು ದಂಡಿಸಿದ್ದು ಸರ್ಕಾರ. ಬೆನ್ನಿಗೆ ನಿಂತದ್ದು ಸಮಾಜ. ಬಸವಲಿಂಗಪ್ಪನವರಿಗಾದರೋ, ಅವರೇ ಸರ್ಕಾರದ ಒಳಗಿದ್ದರು. ಎದುರು ನಿಂತದ್ದು ಸಮಾಜ. ಸರ್ಕಾರದ ಕಾವಲನ್ನು ನ್ಯಾಯಾಲಯ ಮುರಿದೀತು. ಸಮಾಜದ ಕಾವಲನ್ನು ಮುರಿಯುವ ನ್ಯಾಯಾಲಯ ಎಲ್ಲಿದೆ?

ಬರೆಯುವ ಕೈ ಯಾರದು?

ಪತ್ರಿಕೆಗಳು ಬೇಕೆಂದೇ ಸುಳ್ಳು ಬರೆಯುತ್ತವೆ ಎಂಬುದು ನನ್ನ ದೂರಲ್ಲ. ತೊಡಕು ಇನ್ನೂ ಆಳದಲ್ಲಿದೆ. ಅಮೆರಿಕದ ನಗರಗಳಲ್ಲಿ ಗಲಭೆಗಳಾದ ಮೇಲೆ ಅಲ್ಲಿನ ಅಧ್ಯಕ್ಷರು ನೇಮಿಸಿದ ಕರ್ನರ್ ಆಯೋಗ 1968ರಲ್ಲಿ ವರದಿ ಕೊಟ್ಟಿತು. ಬಿಳಿಯರ ಕಣ್ಣಿನಿಂದಲೇ ನೋಡಿ ಬಿಳಿಯರಿಗಾಗಿಯೇ ಬರೆಯುವ ಚಾಳಿ ಪತ್ರಿಕೆಗಳಿಗಿದೆಯೆಂದು ಅದು ಎತ್ತಿ ಹೇಳಿತು. ಸುದ್ದಿ ಬರೆಯುವ, ತಿದ್ದುವ ಕೆಲಸಗಳಲ್ಲಿ ಕಪ್ಪು ಜನರು ನೂರಕ್ಕೆ ಐದಕ್ಕಿಂತಲೂ ಕಡಿಮೆ ಎಂಬ ಲೆಕ್ಕವನ್ನೂ ಕೊಟ್ಟಿತು.

ಇದೇ ಪ್ರಶ್ನೆ 1996ರಲ್ಲಿ ದೆಹಲಿಯಲ್ಲಿ ಎದ್ದಿತು. ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ದೆಹಲಿ ಬಾತ್ಮೀದಾರ ಕೆನೆತ್ ಕೂಪರ್, ತಾನೇ ಕಪ್ಪು ಜನಾಂಗದವರು, ಹಿರಿಯ ಪತ್ರಕರ್ತ ಬಿ. ಎನ್. ಉನಿಯಾಲ್ ಅವರನ್ನು ಒಬ್ಬ ದಲಿತ ಪತ್ರಕರ್ತನ ಹೆಸರು ಹೇಳಿರೆಂದು ಕೇಳಿದರು. ಉನಿಯಾಲರು ಹುಡುಕಿದರು, ಗೆಳೆಯರಿಗೆ ದೂರವಾಣಿ ಮಾಡಿದರು. ಒಂದು ಹೆಸರೂ ಸಿಕ್ಕಲಿಲ್ಲ. ತಮ್ಮ ವೃತ್ತಿಯ ಇಷ್ಟು ವರ್ಷಗಳಲ್ಲಿ ತಮಗೆ ಈ ಕೊರತೆ ಕಾಣಿಸಲೇ ಇಲ್ಲವಲ್ಲ ಎಂಬ ನಾಚಿಕೆಯಿಂದ ‘ಪಯನಿಯರ್’ ಪತ್ರಿಕೆಯಲ್ಲಿ ಲೇಖನ ಬರೆದರು. ಬರೆಯುವವರ ಮೇಜಿನಲ್ಲಿ ಒಂದು ಕುಲದ ಜನ ಇಲ್ಲವೇ ಇಲ್ಲವೆಂದಾಗ, ಆ ಕುಲದವನು ಆಡಿದ ಮಾತಿನ ಧ್ವನಿ, ನೋವು, ಹಾಸ್ಯ ಇವು ಅಚ್ಚಿನ ಮನೆಯನ್ನು ತಲುಪುವುದು ಹೇಗೆ? ತಲುಪುವುದು ಬರಿಯ ‘ಬೂಸಾ’ ಮಾತ್ರ.

ಆ ಬೂಸಾವೇ ಮುಂದೆ ಬೀಜವಾಯಿತೆಂಬುದೊಂದು ಸೋಜಿಗ. 1973ರ ಏಟುಗಳು ತರುಣರನ್ನು ಒಟ್ಟುಗೂಡಿಸಿದವು. ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಬೇರುಬಿಟ್ಟಿತು. ಮೈಸೂರಿನಿಂದ ‘ಪಂಚಮ’ ಪತ್ರಿಕೆ ಹೊರಟಿತು. 1975ರಲ್ಲಿ ಸಿದ್ಧಲಿಂಗಯ್ಯನವರ ಮೊದಲ ಕವನಸಂಕಲನ ‘ಹೊಲೆಮಾದಿಗರ ಹಾಡು’ ಅಚ್ಚಾಯಿತು. ದೇವನೂರ ಮಹಾದೇವರ ಕಥೆಗಳು ಕನ್ನಡದ ನುಡಿಗೇ ಹೊಸ ಕಸುವು ತಂದವು. ಕನ್ನಡ ಸಾಹಿತ್ಯವನ್ನು ಹಳಿದರೆಂದು ಯಾರನ್ನು ಇಳಿಸಿದರೋ, ಅವರ ಮಾತಿನ ಬೆನ್ನಿಗೇ ಕನ್ನಡ ಸಾಹಿತ್ಯ ಶ್ರೀಮಂತವಾಯಿತು. ಬಸವಲಿಂಗಪ್ಪನವರು ಮತ್ತೆ ಮಂತ್ರಿಗಳೂ ಆದರು, 1992ರಲ್ಲಿ ತೀರಿಕೊಂಡರು.

ಹಟ್ಟಿಯ ಹೊರಗೆ ಕುರ್ಚಿ

ಅದೆಲ್ಲ ಹಳೆಯ ಕಾಲದ ಮಾತು ಎಂದು ಸಮಾಧಾನಪಡುವಂತಿಲ್ಲ. ಚಳ್ಳಕೆರೆ, ಮೊಳಕಾಲ್ಮೂರುಗಳೂ ತುಮಕೂರು ಜಿಲ್ಲೆಯ ಪಾವಗಡ, ಶಿರಾಗಳೂ ಸೇರಿದ ಚಿತ್ರದುರ್ಗ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಯವರಿಗೆ ಮೀಸಲು. 2019ರಲ್ಲಿ ಅಲ್ಲಿಂದ ಗೆದ್ದವರು ಶ್ರೀ ಎ. ನಾರಾಯಣಸ್ವಾಮಿಯವರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ವೈದ್ಯರನ್ನೂ ಇತರರನ್ನೂ ಕೂಡಿಕೊಂಡು ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದರು. ಅಲ್ಲಿನ ಬಡ ಜನರಿಗೆ ಏನಾದರೂ ಅನುಕೂಲ ಮಾಡಿಸಬೇಕೆಂಬುದು ಉದ್ದೇಶ. ಹಟ್ಟಿಯ ಕೆಲವರು, ದಲಿತರು ಒಳಗೆ ಬರುವುದು ನಮ್ಮ ಸಂಪ್ರದಾಯದಲ್ಲಿಲ್ಲವೆಂದು ತಡೆದರು. ಸಂಸದರಿಗೆ ಹೊರಗೆ ಒಂದು ಕುರ್ಚಿ ಹಾಕಿದರು. ಅವರು ಕಲಹ ಬೆಳೆಸದೆ ಹಿಂದಿರುಗಿದರು. 2021ರಲ್ಲಿ ಅವರೇ ಕೇಂದ್ರದಲ್ಲಿ ಸಾಮಾಜಿಕ ನ್ಯಾಯ ಖಾತೆಯ ರಾಜ್ಯಮಂತ್ರಿಗಳಾದರು.

ತಡೆದವರೂ ಕುರಿ ಕಾಯ್ದು ಬದುಕುವ ಬಡವರೇ. ಅವರನ್ನು ಪಟ್ಟಣದ ನಾವು ಹೀಗಳೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಜಾರ್ಜಿಯಾದ ಶಾಸನಸಭೆಯ ಬಾಗಿಲಿಗೂ ಆ ಹಟ್ಟಿಯ ಬೇಲಿಗೂ ಅಂತರವೆಷ್ಟು? ಎರಡು ಕಡೆಯೂ ಮತಪೆಟ್ಟಿಗೆ ಒಳಗೆ ಕಳುಹಿಸಿದವನನ್ನು ಹುಟ್ಟು ಹೊರಗೆ ನಿಲ್ಲಿಸಿತು. ಒಂದು ಕಡೆ ಅವನು ಆಡಿದ ಮಾತು ನೆಪವಾಯಿತು. ಇನ್ನೊಂದು ಕಡೆ ಬಾಯಿ ತೆರೆಯುವ ಮೊದಲೇ ತಡೆಯಾಯಿತು.

ಬಂಡೆ ಹೇಳುವ ಮಾತು

ಮೊಳಕಾಲ್ಮೂರು ಎಂದೊಡನೆ ನಮ್ಮ ಹೆಣ್ಣುಮಕ್ಕಳಿಗೆ ನೆನಪಾಗುವುದು ರೇಷ್ಮೆಯ ಸೀರೆ. ಆ ತಾಲ್ಲೂಕಿಗೆ ಅದಕ್ಕಿಂತ ಹಳೆಯ ಕೀರ್ತಿಯೊಂದುಂಟು. 1892ರಲ್ಲಿ ಬಿ. ಎಲ್. ರೈಸ್ ಅವರು ಅಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದರು. ಇಸಿಲ ಎಂಬ ಊರಿನ ಅಧಿಕಾರಿಗಳನ್ನು ಉದ್ದೇಶಿಸಿ ಸುವರ್ಣಗಿರಿಯಿಂದ ಬಂದ ರಾಜಾಜ್ಞೆ ಅದು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಚಿಕ್ಕವನಿಗೂ ದೊರೆತೀತು ಎಂಬುದು ಅದರ ಸಾರ. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂದೂ ಅಲ್ಲಿ ಬರೆದಿದೆ.

ಅಶೋಕನಿಗೂ ವರದಿಗಾರರಿದ್ದರು. ಇಲ್ಲಿಂದ ಬಹು ದೂರವೇನಲ್ಲದ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಇರುವ ಅವನ ಇನ್ನೊಂದು ಶಾಸನದಲ್ಲಿ, ತಾನು ಊಟಕ್ಕೆ ಕುಳಿತಿರಲಿ, ಅಂತಃಪುರದಲ್ಲಿರಲಿ, ಪ್ರಜೆಗಳ ವಿಷಯವನ್ನು ಯಾವ ಹೊತ್ತಿನಲ್ಲಾದರೂ ಬಂದು ತಿಳಿಸಬೇಕೆಂದು ಅವನು ವಿಧಿಸುತ್ತಾನೆ. ರಾಜ್ಯಕ್ಕೆ ಕಿವಿಯಿರುವುದು ತಪ್ಪಲ್ಲ. ಪ್ರಜೆಯ ಕಷ್ಟವನ್ನು ಕೇಳುವುದಕ್ಕೋ, ಅವನ ಬಾಯಿಯನ್ನು ಮುಚ್ಚುವುದಕ್ಕೋ ಎಂಬುದೇ ಪ್ರಶ್ನೆ.

ಆ ಪ್ರಶ್ನೆ ರಾಜ್ಯಕ್ಕೆ ಮಾತ್ರವೂ ಅಲ್ಲ. ಬೆಳಗಿನ ಕಾಫಿಯ ಜೊತೆಗೆ ಪತ್ರಿಕೆಯ ದಪ್ಪಕ್ಷರವನ್ನು ಓದಿ, ‘ಇವನಿಗೇಕೆ ಈ ದುರಹಂಕಾರ!’ ಎಂದು ಹಾಳೆ ಮಗುಚುವ ನಮಗೂ ಅದು ಸೇರಿದ್ದು. 1973ರಲ್ಲಿ ಮೆರವಣಿಗೆ ಹೊರಟವರು ಗೂಂಡಾಗಳಷ್ಟೇ ಆಗಿರಲಿಲ್ಲ. ಓದಿದ ಮನೆಗಳ ಮಕ್ಕಳೂ ಇದ್ದರು. ಅವರ ಪೈಕಿ ಎಷ್ಟು ಮಂದಿ ಆ ಭಾಷಣವನ್ನು ಇಡಿಯಾಗಿ ಕೇಳಿದ್ದರು?

ಚಳ್ಳಕೆರೆಯ ರೈತ ಚೀಲದ ಮೇಲಿನ ಹೆಸರು ನೋಡಿ ಬೂಸಾ ಕೊಳ್ಳುವುದಿಲ್ಲ. ಬಾಯಿ ಬಿಚ್ಚಿಸಿ, ಒಂದು ಹಿಡಿ ತೆಗೆದು, ಅಂಗೈಯಲ್ಲಿ ತಿಕ್ಕಿ, ಮೂಸಿ ನೋಡಿ ಬೆಲೆ ಕಟ್ಟುತ್ತಾನೆ. ಮಾತಿಗೂ ನಾವು ಅಷ್ಟು ತಾಳ್ಮೆ ತೋರಬಾರದೇ?